ಹೊನ್ನೆಹಕ್ಕಲಿನ ಕೆಂಡ

"ಒಂದು ಕೆಂಡ ಕೊಡ್ತೀರಾ?"

ಗಂಜಿ ತಿರುವುತ್ತಿದ್ದ ಕನ್ನಮ್ಮ ತಲೆ ಎತ್ತಿದಳು. ಕೈಯಲ್ಲಿ ತೆಂಗಿನ ಕರಟ ಹಿಡಿದು, ಹೆಗಲಿಗೆ ಕಂಬಳಿ ಹಾಕಿಕೊಂಡು ನಿಂತವನು ಗುರುತಿನವನಲ್ಲ. ಹಿಂದೆ ಹೆಂಗಸರಿಲ್ಲ, ಮಕ್ಕಳಿಲ್ಲ, ಒಂದು ನಾಯಿಯೂ ಇಲ್ಲ.

"ಯಾರ ಕಡೆಯವ?"

"ನನ್ನ ಕಡೆಯವ್ನೇ. ಗುತ್ಯಪ್ಪ ಅಂತ. ಹೊಳೆದಂಡೆ ಊರು. ಈಗ ಊರಿಲ್ಲ, ನೀರಿದೆ."

ಶರಾವತಿಗೆ ಕಟ್ಟೆ ಎದ್ದು ಊರುಗಳು ಮುಳುಗಿದ ಕಾಲ ಅದು. ಒಕ್ಕಲೆದ್ದವರು ಸಾಗರ, ಹೊಸನಗರದ ಕಡೆಗೆಲ್ಲ ಚೆದುರಿಹೋಗಿದ್ದರು. ಯಾರು ಎಂಥವರು ಎಂದು ತಿಳಿಯುವುದು ಕಷ್ಟವಾಗಿತ್ತು.

ಹೊನ್ನೆಹಕ್ಕಲು ಎಂದರೆ ಗುಡ್ಡದ ನೆತ್ತಿಯ ಕಾಡಿನೊಳಗೆ ಅಂಗೈಯಷ್ಟು ಬಯಲು. ಒಂದು ಒರತೆ, ಒಂದು ಚೌಡಿಕಲ್ಲು, ಅಷ್ಟೆ. ಸೀಗೆಕಾಯಿ ಕಾಲದಲ್ಲಿ ಬಂದವರು ಸೊಪ್ಪಿನ ಚಪ್ಪರ ಹಾಕಿ, ಮೂರು ಕಲ್ಲಿಟ್ಟು ಬಿಡಾರ ಹೂಡುತ್ತಿದ್ದರು. ಆಮೇಲೆ ಬಂದವರು ಅಲ್ಲಿ ಒಲೆಗೆ ಕಡ್ಡಿ ಗೀರುವಂತಿಲ್ಲ. ಮೊದಲು ಬಂದವರ ಒಲೆಯಿಂದ ಕೆಂಡ ಬೇಡಿ ತರಬೇಕು. ಕೆಂಡ ಕೊಟ್ಟರೆ 'ನೀನು ನಮ್ಮವ' ಎಂದ ಹಾಗೆ. ಚೌಡಿ ಎದುರಿನ ಕಟ್ಟುಪಾಡು ಅದು.

ಆ ವರ್ಷ ಮೊದಲು ಬಂದವರು ಕನ್ನಮ್ಮ ಮತ್ತು ಅವಳ ಅಪ್ಪ ಬೆಳ್ಳಪ್ಪ. ಬಂದ ವಾರಕ್ಕೇ ಬೆಳ್ಳಪ್ಪ ಚಳಿಜ್ವರದಲ್ಲಿ ಮಲಗಿಬಿಟ್ಟಿದ್ದ.

ಒಬ್ಬಂಟಿ ಗಂಡಸು ಕಾಡಿಗೆ ಯಾಕೆ ಬರ್ತಾನೆ? ಅಪ್ಪ ಮಲಗಿದ್ದು ತಿಳಿದೇ ಬಂದಿರಬೇಕು...

"ಕೆಂಡ ಇಲ್ಲ," ಎಂದಳು. ಒಲೆ ಮಾತ್ರ ನಿಗಿನಿಗಿ ಉರಿಯುತ್ತಿತ್ತು.

ಅವನು ಒಲೆಯನ್ನೂ ನೋಡಿದ, ಅವಳನ್ನೂ ನೋಡಿದ. "ಆಗ್ಲಿ," ಎಂದು ಕರಟ ಹಿಡಿದು ಹೋಗಿ ಹಕ್ಕಲಿನ ಆಚೆ ತುದಿಯಲ್ಲಿ ಚಪ್ಪರ ಹಾಕಿದ.

ಅಂದಿನಿಂದ ಕನ್ನಮ್ಮನ ಕಣ್ಣು ಆ ಕಡೆಯೇ. ಅವನ ಚಪ್ಪರದಿಂದ ಒಂದು ಎಳೆ ಹೊಗೆಯೂ ಏಳಲಿಲ್ಲ. ಹೊಗೆ ಏಳಿಸದವನು ತಾನಿರುವುದು ಯಾರಿಗೂ ತಿಳಿಯದಿರಲಿ ಎನ್ನುವವನೇ ತಾನೆ? ಬೆಳಗಾದರೆ ಎದ್ದು ಎತ್ತಲೋ ಹೋಗುತ್ತಿದ್ದ. ಒಮ್ಮೆ ಒರತೆಯ ಹತ್ತಿರ ಎದುರಾದ.

"ನಿಮ್ಮ ಮಟ್ಟಿ ಗಂಟು..." ಎಂದು ಬಾಯಿ ತೆಗೆದ.

"ನಮ್ಮ ಗಂಟಿನ ಸುದ್ದಿ ನಿಂಗ್ಯಾಕೆ?" ಕೊಡ ಎತ್ತಿಕೊಂಡು ಬಂದೇ ಬಿಟ್ಟಳು.

ಆದರೆ ಮಟ್ಟಿಯ ಚಿಂತೆ ಹತ್ತಿತು. ಸೀಗೆಮಟ್ಟಿ, ಅಂದರೆ ಸೀಗೆಯ ಪೊದೆ, ಯಾರದೆಂದು ಹೇಳುವುದು ಅದಕ್ಕೆ ಕಟ್ಟಿದ ದಡಸಲು ಮರದ ನಾರಿನ ಗಂಟು. ನಾರು ಹಸಿಯಿದ್ದರೆ ಇನ್ನೊಬ್ಬರು ಮುಟ್ಟುವಂತಿಲ್ಲ. ಒಣಗಿ ಬಿದ್ದರೆ ಬಂದವರ ಪಾಲು. ಆ ಮಟ್ಟಿಯ ಕಾಯಿ ಕೈಬಿಟ್ಟರೆ ಮಳೆಗಾಲಕ್ಕೆ ಅಪ್ಪ ಮಗಳಿಗೆ ಅಕ್ಕಿಯಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಕಷಾಯ ಕುಡಿಸಿ ಮಟ್ಟಿಗೆ ಓಡಿದಳು. ಗಂಟುಗಳಿದ್ದವು, ಹಸಿಯಾಗಿಯೇ ಇದ್ದವು. ಆದರೆ ಬೆಳ್ಳಪ್ಪ ಎಡಚ, ಅವನು ಹೊಸೆದ ನಾರಿನ ಹುರಿ ಎಡಕ್ಕೆ ತಿರುಗುತ್ತದೆ. ಈ ಗಂಟುಗಳ ಹುರಿ ಬಲಕ್ಕೆ ತಿರುಗಿತ್ತು!

'ಇವನೇ. ನಮ್ಮ ಗಂಟು ಬಿಚ್ಚಿ ತನ್ನದು ಕಟ್ಟಿದಾನೆ.'

ಕತ್ತಿ ತೆಗೆದು ಒಂದೊಂದನ್ನೇ ಕೊಯ್ದು ಮಡಿಲಿಗೆ ತುಂಬಿಕೊಂಡಳು. ಹೊಸ ನಾರು ಸುಲಿದು ಅಪ್ಪನ ಹಾಗೇ ಎಡಹುರಿ ಕಟ್ಟಬೇಕು ಅಂದುಕೊಂಡಳು. ಅಷ್ಟರಲ್ಲಿ ಬಿಡಾರದಿಂದ ಅಪ್ಪ ನರಳಿ ಕರೆದದ್ದು ಕೇಳಿಸಿತು. ಹೋಗಿ ನೋಡಿದರೆ ಮೈ ಕೆಂಡದಂತೆ ಸುಡುತ್ತಿತ್ತು. ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಕೂತವಳಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಮಟ್ಟಿಯ ಕಡೆಯಿಂದ ಗಲಾಟೆ ಕೇಳಿ ಬೆಚ್ಚಿದಳು.

ಓಡಿ ಹೋಗಿ ನೋಡಿದರೆ ಕೆಳಗಿನ ಕೇರಿಯ ಶೇಷಪ್ಪ ತನ್ನ ಆಳುಗಳೊಂದಿಗೆ ಕಾಯಿ ಬಡಿಯುವ ದೋಟಿ ಎತ್ತಿ ನಿಂತಿದ್ದಾನೆ. ಮಟ್ಟಿಗೆ ಬೆನ್ನು ಕೊಟ್ಟು ಗುತ್ಯಪ್ಪ.

"ಇದು ಬೆಳ್ಳಪ್ಪಂದು," ಗುತ್ಯಪ್ಪ ಹೇಳುತ್ತಿದ್ದ. "ಅವರ ನಾರು ಒಣಗಿ ಉದುರಿತ್ತು. ಹುಷಾರಿಲ್ಲದ ಮನುಷ್ಯ. ಹೇಳೋಣ ಅಂದ್ರೆ ಮಗಳು ಮಾತೇ ಕೇಳ್ಲಿಲ್ಲ. ನಾನೇ ಹಸಿನಾರು ಕಟ್ಟಿದೀನಿ."

"ಕಟ್ಟಿದ್ರೆ ಎಲ್ಲಿ ಮಾರಾಯ? ಮಂಗ ತಿಂತಾ?"

ಆಳುಗಳು ನಕ್ಕರು. ಕನ್ನಮ್ಮ ಮಡಿಲನ್ನು ಬಿಗಿಯಾಗಿ ಹಿಡಿದಳು. ಗಂಟುಗಳು ಅಲ್ಲೇ ಇದ್ದವು.

ಸುಮ್ಮನಿದ್ದರೆ ಕಾಯಿ ಹೋಗುತ್ತದೆ, ಅವನು ಸುಳ್ಳನಾಗುತ್ತಾನೆ. ಬಾಯಿ ಬಿಟ್ಟರೆ...

ಮಡಿಲು ಬಿಚ್ಚಿ ನೆಲದ ಮೇಲೆ ಸುರಿದಳು.

"ಇಲ್ಲಿವೆ. ಬೆಳಿಗ್ಗೆ ಕೊಯ್ದಿದ್ದು ನಾನೇ."

ಗುತ್ಯಪ್ಪ ಅವಳನ್ನು ನೋಡಿದ. ಆ ನೋಟ ಎದುರಿಸಲಾರದೆ ಅವಳು ಕಣ್ಣು ತಗ್ಗಿಸಿದಳು.

ಶೇಷಪ್ಪ ಒಂದು ಗಂಟು ಹೆಕ್ಕಿ ಉಗುರಿನಲ್ಲಿ ಗೀರಿದ. "ಹಸಿ ಇದೆ, ಹೌದು. ಆದ್ರೆ ಬಲಹುರಿ. ನಿನ್ನಪ್ಪ ಎಡಚ ಅಲ್ವೇನೆ ತಂಗಿ?"

"ನಮ್ಮ ಬಿಡಾರದವನೇ ಕಟ್ಟಿದ್ದು."

"ಇವ್ನಾ? ಇವನ ಚಪ್ಪರದಲ್ಲಿ ಹೊಗೆ ಎದ್ದಿದ್ದೇ ನಾವು ಕಂಡಿಲ್ಲ. ಕೆಂಡ ಕೊಟ್ಟಿದೀಯಾ ಇವನಿಗೆ?"

ಆಗ ತಿಳಿಯಿತು ಕನ್ನಮ್ಮನಿಗೆ. ಹೊಗೆ ಯಾಕೆ ಏಳಲಿಲ್ಲ ಎಂದು. ಕೆಂಡ ಇಲ್ಲ ಎಂದವಳು ತಾನು. ಚೌಡಿಯ ಕಟ್ಟು ಮುರಿಯದೆ ಇದ್ದವನು ಅವನು.

"ಕೊಟ್ಟಿಲ್ಲ," ಎಂದಳು. "ಇವತ್ತು ಕೊಡ್ತೀನಿ. ಚೌಡಿ ಸಾಕ್ಷಿ."

ಒಬ್ಬಂಟಿ ಗಂಡಸನ್ನು 'ನಮ್ಮವ' ಎನ್ನುವುದು ಮದುವೆಯಾಗದ ಹೆಣ್ಣು ನಾಲ್ಕು ಜನರೆದುರು ಆಡುವ ಮಾತೇ? ಆಳುಗಳ ನಗು ನಿಂತಿತು. ಶೇಷಪ್ಪ ನಿಧಾನಕ್ಕೆ ದೋಟಿ ಇಳಿಸಿದ.

"ನಡೀರ್ರಾ, ಬೇರೆ ಗುಡ್ಡ ನೋಡೋಣ. ಮದುವೆ ಊಟಕ್ಕೆ ಕರೀದಿದ್ರೆ ಮಾತ್ರ ಬಂದು ಸೀಗೆ ಬಡ್ಕೊಂಡು ಹೋಗ್ತೀವಿ, ನೆನಪಿರ್ಲಿ."

ಹೊತ್ತು ಇಳಿಯುವಾಗ ಬೆಳ್ಳಪ್ಪನ ಮೈ ಬೆವರಿ ಜ್ವರ ತಗ್ಗಿತು. ಗಂಜಿ ಕುಡಿದು, ಮಗಳು ಹೇಳಿದ್ದೆಲ್ಲ ಕೇಳಿ, "ಕೆಂಡ ಆರಿಹೋಗೋ ಮುಂಚೆ ಹೋಗು," ಎಂದಷ್ಟೇ ಹೇಳಿ ಮಗ್ಗುಲಾದ.

ಕನ್ನಮ್ಮ ಕರಟದಲ್ಲಿ ಕೆಂಡ ಹಿಡಿದು ಹಕ್ಕಲು ದಾಟಿದಳು. ಅವನ ಒಲೆಯ ಮೂರು ಕಲ್ಲಿಗೂ ಮಸಿ ಹತ್ತಿರಲಿಲ್ಲ. ಪಕ್ಕದಲ್ಲಿ ನೀರಲ್ಲಿ ನೆನೆಹಾಕಿದ ಅವಲಕ್ಕಿ. ಕಂಬಳಿಯ ಮೇಲೆ ಬೀಡಿಕಟ್ಟು, ಬೆಂಕಿಪೊಟ್ಟಣ.

"ಪೊಟ್ಟಣ ಇತ್ತಲ್ಲ?"

"ಇತ್ತು."

"ಹಕ್ಕಲು ಇಳಿದು ಆಚೆ ಹೋಗಿ ಬೇಯಿಸ್ಕೊಂಡು ತಿನ್ಬೋದಿತ್ತು. ತಣ್ಣೀರವಲಕ್ಕಿ ಯಾಕೆ ತಿಂದ್ರಿ?"

ಗುತ್ಯಪ್ಪ ಒಲೆಯ ಕಲ್ಲೊಂದನ್ನು ಸರಿಪಡಿಸಿದ.

"ನಮ್ಮನೆ ಒಲೆ ನೀರೊಳಗಿದೆ. ಇನ್ನೊಂದು ಹೂಡೋದಾದ್ರೆ ಯಾರಾದ್ರೂ ನಮ್ಮವ ಅಂತ ಕೆಂಡ ಕೊಡ್ಲಿ ಅಂತ ಕಾದೆ."

"ನಾನು ಕೊಡದೇ ಇದ್ದಿದ್ರೆ?"

"ಅವಲಕ್ಕಿ ಇನ್ನೂ ಇತ್ತು."

ನಗು ಬಂತು ಅವಳಿಗೆ, ಅಳುವೂ ಬಂತು. ಕೂತು, ತರಗೆಲೆ ಒಟ್ಟಿ, ಕೆಂಡ ಸುರಿದು ಊದಿದಳು. ಹೊಗೆ ಎದ್ದು ಹೊನ್ನೆಮರದ ಕಡೆ ಹೋಯಿತು.

"ನಾಳೆ ನಾರು ಸುಲೀವಾಗ ಕರೀರಿ. ಎಡಹುರಿ ಕಲಿಸ್ತೀನಿ."

"ನನ್ನ ಕೈ ನಿಧಾನ."

"ಸೀಗೆ ಮುಗಿಯೋದ್ರೊಳಗೆ ಕಲೀರಿ."

"ಮುಗಿದ್ಮೇಲೆ?"

ಕನ್ನಮ್ಮ ಖಾಲಿ ಕರಟವನ್ನು ಅವನ ಒಲೆಯ ಬದಿಗೇ ಇಟ್ಟಳು.

"ಆಮೇಲೆ ಒಂದೇ ಒಲೆ ಹೂಡೋದು. ದಿನಾ ಕರಟ ಹೊತ್ತು ಹಕ್ಕಲು ದಾಟೋಕೆ ನಂಗಾಗಲ್ಲ."