ಕ್ಯಾಸೆಟ್ಟಿನೊಳಗೆ ಆದಿಲಕ್ಷ್ಮಿಯ ಕೋಪ

"ಆ ಕ್ಯಾಸೆಟ್ ನಿಲ್ಲಿಸಿ."

ಮದುವೆ ಛತ್ರದ ಹಿಂದಿನ ಕೋಣೆಯಲ್ಲಿ ಕೂತು ತಮ್ಮದೇ ಹಾಡು ಕೇಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು... ಬಿಸಿಲಿಗಷ್ಟೇ ಅಲ್ಲ.

"ಇಲ್ಲಿ ಕದಿರೇಶ ಅಂದ್ರೆ ಯಾರು?"

ಕ್ಲಾರಿಯೊನೆಟ್ ಒರೆಸುತ್ತಿದ್ದವನು ಎದ್ದು ನಿಂತ. ಆ ಧ್ವನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಹತ್ತಿರದಿಂದ ನೋಡಿದ್ದು ಮಾತ್ರ ಇದೇ ಮೊದಲು.

"ನೀವು ಆದಿಲಕ್ಷ್ಮಿ ಅವರಲ್ವಾ?" ಎಂದ. ಸಂತೋಷಕ್ಕೆ ನಗು ಬಂದುಬಿಟ್ಟಿತು.

"ನಗಬೇಡಿ. ಊರೆಲ್ಲ ನಗ್ತಿರೋದು ಸಾಕು."

ಅದು ಎಂಬತ್ತನಾಲ್ಕನೇ ಇಸವಿ. ಕ್ಲಾಕ್ ಟವರ್ ಆರ್ಕೆಸ್ಟ್ರಾದ 'ಪೇಟೆ ಸದ್ದು' ಕ್ಯಾಸೆಟ್ ಬಂದು ಕೋಲಾರದ ಹೋಟೆಲು, ಸಲೂನುಗಳಲ್ಲೆಲ್ಲ ಅದೇ ಓಡುತ್ತಿತ್ತು. ಕದಿರೇಶ ಆವನಿ ಕಡೆಯ ವಾಲಗದ ಮನೆಯವನು. ಚಿನ್ನದ ಗಣಿಯಿಂದ ಬಂದ ಗಿಟಾರಿನವನನ್ನೂ, ತಮಟೆಯವರನ್ನೂ, ಉರುಸಿನಲ್ಲಿ ಖವ್ವಾಲಿ ಹಾಡುವವರನ್ನೂ ಒಟ್ಟಿಗೆ ಕೂರಿಸಿದ್ದ. ತರಕಾರಿ ಮಂಡಿಯ ಮೇಲೊಂದು ಹಾಡು, ಬೀದಿ ನಲ್ಲಿಯ ಜಗಳದ ಮೇಲೊಂದು, ಮಾರ್ನಿಂಗ್ ಶೋ ಕ್ಯೂ ಮೇಲೊಂದು. ಕೊನೆಯದು ಬಸ್ ಸ್ಟ್ಯಾಂಡಿನ ಹಾಡು.

ಆ ಹಾಡಿನ ನಡುವೆ ಆದಿಲಕ್ಷ್ಮಿ ಇದ್ದಳು.

ಅವಳು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವವಳು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ಒಂದು ಸಂಜೆ ಶ್ರೀನಿವಾಸಪುರದ ಬಸ್ಸು ಬರಲೇ ಇಲ್ಲ. ಮೈಕ್ ಆಫ್ ಮಾಡಿದ್ದೇನೆ ಅಂದುಕೊಂಡು ಅವಳು ಬೈದಿದ್ದಳು. "ಡ್ರೈವರ್‌ಗೆ ಮನೆ ಇಲ್ವಾ, ಮಠ ಇಲ್ವಾ? ಇಲ್ಲಿ ನಿಂತೋರು ಮನುಷ್ಯರಲ್ವಾ? ವೀಳ್ಳು ಮನುಷುಲು ಕಾದಾ?"

ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತ್ತು. ಎರಡು ದಿನ ನಕ್ಕು ಜನ ಮರೆತೂ ಬಿಟ್ಟಿದ್ದರು. ಈಗ ಕ್ಯಾಸೆಟ್ ಅದನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಕಂಡಕ್ಟರುಗಳು ಅವಳನ್ನು ಕಂಡರೆ ಸಾಕು, "ಮನುಷುಲು ಕಾದಾ?" ಎಂದು ರಾಗ ಎಳೆಯುತ್ತಿದ್ದರು. ಕಂಟ್ರೋಲರ್ ವೆಂಕಟರಾಯಪ್ಪ ಅವಳನ್ನು ಮೈಕಿನಿಂದ ಎಬ್ಬಿಸಿ ಪಾರ್ಸೆಲ್ ರೂಮಿಗೆ ಹಾಕಿದ್ದರು. ಆ ವರ್ಷ ಅವಳ ಕೆಲಸ ಖಾಯಂ ಆಗಬೇಕಿತ್ತು.

"ಯಾರನ್ನ ಕೇಳಿ ನನ್ನ ಧ್ವನಿ ತಗೊಂಡ್ರಿ?"

ಕದಿರೇಶನ ನಗು ಆರಿತು. "ಕೇಳಿದ್ದೆನಲ್ಲ... ನಿಮ್ಮ ಅಣ್ಣನವರನ್ನ."

"ಏನು?"

"ನಮ್ಮಲ್ಲಿ ಹಾಗೇ. ವಾಲಗಕ್ಕೆ ಕರೆಯೋರು ಮನೆ ಹಿರಿಯರ ಕೈಗೆ ವೀಳ್ಯ ಕೊಡ್ತಾರೆ. ಅವರು ತಗೊಂಡ್ರೆ ಮನೆಯವರೆಲ್ಲ ಒಪ್ಪಿದ ಹಾಗೆ. ನಾನೂ ವೀಳ್ಯ ತಗೊಂಡು ನಿಮ್ಮ ಮನೆಗೆ ಬಂದಿದ್ದೆ. ಮುನಿರಾಮಪ್ಪನೋರು ಇಸ್ಕೊಂಡ್ರು. ನಿಮಗೆ ಹೇಳಿರ್ತಾರೆ ಅಂತ..."

ಆದಿಲಕ್ಷ್ಮಿ ತಿರುಗಿದಳು. ಬಂದ ದಾರಿಯಲ್ಲೇ ಹೊರಟು ಹೋದಳು.

ಮನೆಯಲ್ಲಿ ಅಣ್ಣ ಮುದ್ದೆ ಮುರಿಯುತ್ತಿದ್ದ.

"ಹೌದು ಕಣೇ, ಬಂದಿದ್ದ. ಒಳ್ಳೆ ಹುಡುಗ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಹೇಳಲಿಲ್ಲ."

ಎಷ್ಟು ಸಲೀಸಾಗಿ ಹೇಳಿದ... ಸಾರು ಇನ್ನೊಂದು ಸೌಟು ಕೇಳಿದ ಹಾಗೆ. ಅವಳು ಆ ದಿನ ಊಟ ಮಾಡಲಿಲ್ಲ.

ಮಾರನೆಯ ದಿನ ಪಾರ್ಸೆಲ್ ರೂಮಿನ ಪಕ್ಕದಲ್ಲಿ ಕಡಲೆಕಾಯಿ ಮಾರುವ ಆಂಜಿನಮ್ಮ ತನ್ನ ಮಗನ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದಳು.

"ಏನು ತಲ್ಲಿ, ಆ ಹಾಡು ಪೂರ್ತಿ ಕೇಳಿದ್ದೀಯಾ?"

"ನನ್ನ ಮಾನ ಹೋದದ್ದನ್ನ ಪೂರ್ತಿ ಬೇರೆ ಕೇಳಬೇಕಾ?"

"ಕೇಳೇ. ಆಮೇಲೆ ಬೈಯಿ. ನಾನೂ ಜೊತೆಗೆ ಬೈತೀನಿ."

ಕೇಳಿದಳು. ತಮಟೆ, ಗಿಟಾರು, ಚಪ್ಪಾಳೆ ಎಲ್ಲ ಒಮ್ಮೆಲೇ ನಿಂತವು. ಅವಳ ಧ್ವನಿ ಒಂಟಿಯಾಗಿ ಬಂತು. ಕ್ಲಾರಿಯೊನೆಟ್ ಅದೇ ಏರಿಳಿತವನ್ನು ಮೆಲ್ಲಗೆ ಎತ್ತಿಕೊಂಡಿತು... ಆಮೇಲೆ ಗುಂಪಿಗೆ ಗುಂಪೇ ಹಾಡಿತು, ನಿಂತೋರು ಮನುಷ್ಯರಲ್ವಾ ಎಂದು. ಅದರಲ್ಲಿ ಎಲ್ಲೂ ತಮಾಷೆ ಇರಲಿಲ್ಲ.

ಹಾಡು ಚೆನ್ನಾಗಿತ್ತು. ಅದು ಅವಳ ಕೋಪವನ್ನು ಇನ್ನಷ್ಟು ಹೆಚ್ಚಿಸಿತು. ಇಷ್ಟು ಕಿವಿಗೊಟ್ಟು ಕೇಳಿದವನಿಗೆ, ಎದುರು ಬಂದು ಒಂದು ಮಾತು ಕೇಳೋಕೆ ಏನಾಗಿತ್ತು?

ಅಷ್ಟರಲ್ಲಿ ಕಂಟ್ರೋಲರ್ ಹೇಳಿ ಕಳಿಸಿದರು.

"ಏನಮ್ಮಾ, ಆ ಕ್ಯಾಸೆಟ್ ಹುಡುಗ ಬಂದಿದ್ದ. ತಪ್ಪೆಲ್ಲ ತನ್ನದಂತೆ. ನೀನು ಪಾಪದೋಳಂತೆ, ಏನೋ ಬಾಯಿ ಜಾರ್ತಂತೆ. ನಿನ್ನ ಪರವಾಗಿ ಕ್ಷಮೆ ಕೇಳಿದ."

ಅವಳ ಕಿವಿ ಕಾದವು. ಮತ್ತೆ ಅದೇ... ತನ್ನನ್ನು ಬಿಟ್ಟು ತನ್ನ ಮಾತು.

"ಬಾಯಿ ಜಾರಲಿಲ್ಲ ಸಾರ್. ಸ್ವಿಚ್ ಆಫ್ ಮಾಡೋದು ಮರೆತೆ, ಅದು ತಪ್ಪು. ಆಡಿದ ಮಾತು ತಪ್ಪಲ್ಲ."

"ಏನಂದೆ?"

"ಆವತ್ತು ತುಂಬು ಬಸುರಿ ಕಂಬ ಹಿಡ್ಕೊಂಡು ನಿಂತಿದ್ಲು. ಬಸ್ ಯಾವಾಗಮ್ಮ ಅಂತ ಕಿಟಕಿ ಹತ್ರ ಬಂದು ಬಂದು ಕೇಳ್ತಿದ್ಲು. ನಾನೇನು ಹೇಳಲಿ? ನೀವು ಡಿಪೋಗೆ ಫೋನ್ ಮಾಡ್ತೀನಿ ಅಂತ ಕಾಫಿಗೆ ಹೋಗಿದ್ರಿ. ಪಾರ್ಸೆಲ್ ರೂಮಲ್ಲಿ ಬೇಕಾದ್ರೂ ಇರ್ತೀನಿ. ಕ್ಷಮೆ ಮಾತ್ರ ಕೇಳಲ್ಲ. ನನ್ನ ಪರವಾಗಿ ಯಾರು ಕೇಳಿದ್ರೂ ಅದು ನಂದಲ್ಲ."

ವೆಂಕಟರಾಯಪ್ಪ ಕನ್ನಡಕ ತೆಗೆದರು. ಹೊರಗೆ ಹೊಸ ಹುಡುಗ ಮೈಕಿನಲ್ಲಿ ಕನ್ನಡದಲ್ಲೇ ಗೊಣಗುತ್ತಿದ್ದ. ಬೆಳಿಗ್ಗೆ ತಾನೇ ಕನ್ನಡ ತಿಳಿಯದ ಮದನಪಲ್ಲಿಯ ಮುದುಕನೊಬ್ಬ ಮಾಲೂರು ಬಸ್ಸು ಹತ್ತಿ ಹೋಗಿ ರಂಪವಾಗಿತ್ತು.

"ಕಾಫಿಗೆ ಹೋಗಿದ್ದು ನಿಜ," ಎಂದರು. "ನಾಳೆಯಿಂದ ಮೈಕಿಗೆ ಬಾ. ಖಾಯಂಗೆ ನಿನ್ನ ಹೆಸರೂ ಕಳಿಸ್ತೀನಿ. ಸ್ವಿಚ್ ನೋಡ್ಕೊ, ಅಷ್ಟೇ."

ಹೊರಗೆ ಬೆಂಚಿನ ಮೇಲೆ ಕದಿರೇಶ ಕೂತಿದ್ದ. ಗೆದ್ದು ಬಂದವಳು ಅವನನ್ನು ಕಂಡದ್ದೇ ನೇರ ಹೋಗಿ ಎದುರು ನಿಂತಳು.

"ನನ್ನ ಪರವಾಗಿ ಕ್ಷಮೆ ಕೇಳಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

"ಮೊದಲು ಅಣ್ಣನ್ನ ಕೇಳಿದ್ರಿ. ಈಗ ಕಂಟ್ರೋಲರ್‌ನ. ನಾನು ಎಲ್ಲಿರ್ತೀನಿ ಅಂತ ಗೊತ್ತಿರಲಿಲ್ವಾ? ದಿನಾ ಮೈಕಲ್ಲಿ ಕೂಗ್ತಿದ್ದೋಳು ನಾನೇ ತಾನೇ?"

ಅವನು ತಲೆ ತಗ್ಗಿಸಲಿಲ್ಲ, ನೆಪವನ್ನೂ ಹುಡುಕಲಿಲ್ಲ. "ತಪ್ಪಾಯ್ತು. ಒಂದೇ ತಪ್ಪು, ಎರಡು ಸಲ ಮಾಡಿದೆ. ಆವತ್ತು ನಾನೂ ಆ ಬಸ್ಸಿಗೆ ಕಾಯ್ತಿದ್ದೆ. ಪೇಟೆ ಸದ್ದು ಹಿಡಿಯೋಕೆ ಚೀಲದಲ್ಲಿ ಟೇಪ್ ಓಡ್ತಿತ್ತು. ನಮಗೋಸ್ಕರ ಒಬ್ಬರಿಗಾದ್ರೂ ಕೋಪ ಬಂತಲ್ಲ ಅನ್ನಿಸ್ತು. ಆಮೇಲೆ ಬಸ್ ಇಲ್ಲದಿದ್ರೂ ಬಂದು ಇಲ್ಲಿ ಕೂರ್ತಿದ್ದೆ... ನಿಮ್ಮ ಹತ್ರ ಬರೋಕೆ ಹೆದರಿಕೆ ಆಗ್ತಿತ್ತು."

ಅವಳ ಎದೆ ಎಲ್ಲೋ ಒಂದು ಕಡೆ ಸಡಿಲವಾಯಿತು. ಅದನ್ನು ಅವನಿಗೆ ತೋರಿಸಿಕೊಳ್ಳುವ ಮನಸ್ಸಿರಲಿಲ್ಲ.

"ಆ ಹಾಡು ತೆಗೀರಿ."

"ತೆಗೀತೀನಿ."

ತೆಗೆದ. ಅಂಗಡಿ ಅಂಗಡಿಗೆ ಹೋಗಿ ಕ್ಯಾಸೆಟ್ ವಾಪಸ್ ತಂದ. ಗಿಟಾರಿನವನು ಅವನ ಜೊತೆ ಮಾತು ಬಿಟ್ಟ. ಮುಂಗಾರು ಬರುವ ಹೊತ್ತಿಗೆ ಬೇರೆ ಕ್ಯಾಸೆಟ್ ಬಂತು. ಅದರಲ್ಲಿ ಮಂಡಿ ಇತ್ತು, ನಲ್ಲಿ ಇತ್ತು. ಬಸ್ ಸ್ಟ್ಯಾಂಡ್ ಇರಲಿಲ್ಲ. ಇದೆಲ್ಲ ಆದಿಲಕ್ಷ್ಮಿಗೆ ತಿಳಿದದ್ದು ಆಂಜಿನಮ್ಮನ ಬಾಯಿಂದ. ಅವನು ಒಂದು ದಿನವೂ ಬಂದು ಹೇಳಿಕೊಳ್ಳಲಿಲ್ಲ. ಬೆಂಚಿಗೂ ಬರಲಿಲ್ಲ.

ಅವಳು ಬಸ್ಸುಗಳ ಹೆಸರು ಕೂಗುತ್ತಾ ಗಾಜಿನಾಚೆ ಬೆಂಚಿನ ಕಡೆಗೇ ನೋಡುತ್ತಿದ್ದಳು. ಬರಬೇಡ ಅಂತ ನಾನೇನು ಹೇಳಿದ್ದೆನಾ? ಆ ಕೋಪ ಬೇರೆ.

ಒಂದು ಭಾನುವಾರ ಬೆಳಿಗ್ಗೆ ಅವಳೇ ಛತ್ರದ ಹಿಂದಿನ ಕೋಣೆಗೆ ಹೋದಳು. ಅವನೊಬ್ಬನೇ ಇದ್ದ.

"ನಿಮ್ಮ ಪೇಟೇಲಿ ಬಸ್ ಸ್ಟ್ಯಾಂಡೇ ಇಲ್ವಂತೆ?"

"ನೀವೇ ಬೇಡ ಅಂದ್ರಲ್ಲ."

"ಕೇಳದೆ ತಗೊಂಡಿದ್ದು ಬೇಡ ಅಂದೆ." ಅವಳು ಗೋಣಿತಾಟಿನ ಮೇಲೆ ಕೂತಳು. "ಮೈಕ್ ಎಲ್ಲಿ? ಇನ್ನೊಂದು ಸಲ ಬೈತೀನಿ. ಮೊನ್ನೆ ಮುಳಬಾಗಿಲು ಬಸ್ಸಿಂದೂ ಸೇರಿಸಿ."

ಬೈದಳು. ಕದಿರೇಶ ಉಸಿರು ಹಿಡಿದು ಕೇಳಿದ. ಟೇಪ್ ನಿಲ್ಲಿಸಿದ ಮೇಲೂ ಅವನ ಕೈ ಬಟನ್ನಿನ ಮೇಲೇ ಇತ್ತು.

"ಇನ್ನೊಂದು ಕೇಳಬೇಕಿತ್ತು. ಇದನ್ನ ನಿಮ್ಮ ಅಣ್ಣನಿಗೆ ಹೇಳಿಲ್ಲ. ನಮ್ಮಪ್ಪನಿಗೂ ಹೇಳಿಲ್ಲ."

"ಕೇಳಿ."

"ನನ್ನ ಮದುವೆ ಆಗ್ತೀರಾ?"

ಆದಿಲಕ್ಷ್ಮಿ ಅವನನ್ನೇ ನೋಡಿದಳು. ಈ ಪ್ರಶ್ನೆ ತನ್ನ ಕೈಗೆ ನೇರವಾಗಿ ಬಂದಿತ್ತು. ಬೇಡ ಅನ್ನಬಹುದಿತ್ತು. ಅದಕ್ಕೇ ಇರಬೇಕು, ಹಾಗೆ ಅನ್ನಬೇಕು ಅನ್ನಿಸಲಿಲ್ಲ.

"ಅಣ್ಣ ಜಾತಿ ಅಂತ ಕೂಗಾಡ್ತಾನೆ."

"ಬಂದು ಮಾತಾಡಲಾ?"

"ಬೇಡ. ನಾನೇ ಹೇಳ್ತೀನಿ." ಗೋಣಿತಾಟಿನಿಂದ ಎದ್ದು ಅಂದಳು, "ಆಗ್ತೀನಿ. ಆದ್ರೆ ನನಗೆ ಕೋಪ ಇನ್ನೂ ಹೋಗಿಲ್ಲ."

"ಇರಲಿ ಬಿಡಿ," ಎಂದ ಕದಿರೇಶ. "ಅದನ್ನೂ ಜೊತೇಲಿ ಕರ್ಕೊಂಡು ಬನ್ನಿ."