ತೊಳೆಯದ ಬೆರಳು

ರಕ್ತದ ಸಕ್ಕರೆ ನೋಡುವ ಯಂತ್ರದ ಪುಟ್ಟ ಪರದೆಯ ಮೇಲೆ ನಾನೂರ ಹದಿನೆಂಟು ಎಂದು ಮೂಡಿದಾಗ ಸೊಸೆ ಮೊದಲು ನೋಡಿದ್ದು ಅತ್ತೆಯ ಮುಖವನ್ನಲ್ಲ, ಗೋಡೆಯ ಗಡಿಯಾರವನ್ನು. ಏಳೂ ಐದು. ಏಳೂಕಾಲಿಗೆ ಬಸ್ಸು. ಒಂಬತ್ತಕ್ಕೆ ಸರಿಯಾಗಿ ಕಾಲೇಜಿನ ಪ್ರಯೋಗಶಾಲೆಯ ಬಾಗಿಲು ಮುಚ್ಚುತ್ತಾರೆ…

“ಮತ್ತೆ ಏರಿತಾ?” ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಗಂಡ ಓಡಿಬಂದ.

“ಹೋಗಮ್ಮ ಡಾಕ್ಟ್ರಮ್ಮ, ಹೋಗು!” ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. “ಮನೆಯವರು ಸತ್ತರೂ ಪರವಾಗಿಲ್ಲ, ಊರವರನ್ನ ಬದುಕಿಸು.”

ಎಂಟು ವರ್ಷದಿಂದ ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಪರರ ತೋಳಿನ ನರ ಹುಡುಕುತ್ತ ಬಂದವಳು. ಅಂಚೆಯಲ್ಲಿ ಬಂದ ಪಾಠಗಳನ್ನು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದಿ, ಕುಕ್ಕರ್ ಕೂಗುವಷ್ಟರಲ್ಲಿ ಒಂದೊಂದು ಪುಟ ಮುಗಿಸಿ, ನಾಲ್ಕು ವರ್ಷದಲ್ಲಿ ವಿಜ್ಞಾನದ ಪದವಿ ಪಡೆದಿದ್ದಳು. ಆದರೆ ಮನೆಯಲ್ಲಿ ಕೂತು ಪಡೆದ ಪದವಿ ವೈದ್ಯಕೀಯ ಕಾಲೇಜಿಗೆ ಸಾಲದು. ಪ್ರವೇಶ ಪರೀಕ್ಷೆಗೆ ಕೂರಬೇಕಾದರೆ ಹತ್ತು ಭಾನುವಾರ ಪ್ರಯೋಗಶಾಲೆಯಲ್ಲಿ ಕೈಯಾರೆ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಎರಡು ಸಲ ತಪ್ಪಿಸಿಕೊಂಡರೆ ಕ್ಷಮೆಯುಂಟು, ಮೂರನೆಯದಕ್ಕಿಲ್ಲ. ಆ ಎರಡೂ ಮುಗಿದಿದ್ದವು. ಎರಡೂ ಭಾನುವಾರ ಬೆಳಿಗ್ಗೆ ಅತ್ತೆಯ ಸಕ್ಕರೆ ನಾನೂರು ದಾಟಿತ್ತು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿದಿತ್ತು. ಇಂದು ಹತ್ತನೆಯ ಭಾನುವಾರ.

“ಇವತ್ತೊಂದಿನ ಬಿಟ್ಟರೆ ಆಗಲ್ವಾ?” ಎಂದ ಲಿಫ್ಟ್ ಮೆಕ್ಯಾನಿಕ್ ಗಂಡ.

“ಇವತ್ತೊಂದಿನ ಬಿಟ್ಟರೆ ಒಂದು ವರ್ಷ ಬಿಟ್ಟ ಹಾಗೆ ರೀ.”

“ಲಿಫ್ಟು ನಡುವೆ ನಿಂತ್ರೆ ನಾನು ರಿಪೇರಿ ಮಾಡ್ತೀನಿ. ನಿಂತಿರೋದು ಅಮ್ಮ ಆದ್ರೆ ನಾನೇನು ಮಾಡ್ಲಿ, ಹೇಳು?”

ಅವಳು ಅತ್ತೆಯ ನಾಲಿಗೆ ನೋಡಿದಳು, ತೇವವಾಗಿಯೇ ಇತ್ತು. ಪಕ್ಕದ ಚೊಂಬಿನ ನೀರು ಇಟ್ಟಷ್ಟೇ ಇತ್ತು. ಇಷ್ಟು ಸಕ್ಕರೆ ಏರಿದವರಿಗೆ ಬಾಯಾರಿಕೆಯೇ ಇಲ್ಲವೆ? ಅಂಕಿಗೂ ದೇಹಕ್ಕೂ ತಾಳೆಯಾಗುತ್ತಿಲ್ಲ… ನಾಡಿ ಹಿಡಿಯಲು ಬಾಗಿದಾಗ ಅತ್ತೆಯ ಬೆರಳಿನಿಂದ ಕಿತ್ತಳೆಯ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು.

“ಅತ್ತೆ, ನಲ್ಲಿ ಹತ್ರ ಬನ್ನಿ. ಕೈ ತೊಳೀಬೇಕು.”

“ಯಾಕೆ? ನನ್ನ ಕೈ ಕೊಳಕಾ? ನೀನೇ ಒರೆಸಿದೆಯಲ್ಲ ಸ್ಪಿರಿಟ್ಟಲ್ಲಿ!”

“ಒರೆಸಿದೆ. ನನ್ನದೇ ತಪ್ಪು.”

ಅದು ಲ್ಯಾಬಿನಲ್ಲಿ ಕೆಲಸ ಮಾಡುವವರಷ್ಟೇ ಮಾಡಬಹುದಾದ ತಪ್ಪು. ದಿನಕ್ಕೆ ಅರವತ್ತು ತೋಳುಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದ ಕೈ, ಮನೆಯಲ್ಲಿ ಬೆರಳನ್ನೂ ಹಾಗೆಯೇ ಒರೆಸಿತ್ತು. ನರದಿಂದ ರಕ್ತ ತೆಗೆಯಲು ಅಷ್ಟು ಸಾಕು. ಆದರೆ ಬೆರಳ ತುದಿಗೆ ಅಂಟಿದ ಹಣ್ಣಿನ ರಸವನ್ನು ಸ್ಪಿರಿಟ್ ಪೂರ್ತಿ ತೆಗೆಯುವುದಿಲ್ಲ, ನೀರು ತೆಗೆಯುತ್ತದೆ. ಅವಳು ಸೋಪು ಹಚ್ಚಿ ಆ ಸುಕ್ಕುಗಟ್ಟಿದ ಕೈಯನ್ನು ತೊಳೆದು, ಒರೆಸಿ, ಮತ್ತೆ ಚುಚ್ಚಿದಳು.

ನೂರ ಮೂವತ್ತೆರಡು.

ಗಂಡನ ಗಲ್ಲದ ಮೇಲೆ ಪೇಸ್ಟಿನ ನೊರೆ ಒಣಗುತ್ತಿತ್ತು. ಅವನು ಯಂತ್ರವನ್ನು ನೋಡಿದ, ತಾಯಿಯನ್ನು ನೋಡಿದ.

“ಅಮ್ಮಾ…!”

“ತಿಂದಿಲ್ಲ ಕಣೋ…” ಎಂದರು ಅತ್ತೆ. “ದೇವರಾಣೆ, ಒಂದು ಚೂರೂ ತಿಂದಿಲ್ಲ. ಸುಲಿದು ಬೆರಳಿಗೆ ಹಚ್ಕೊಂಡೆ, ಅಷ್ಟೇ.”

“ಇದನ್ನ ಯಾರು ಹೇಳಿಕೊಟ್ರು ನಿಮಗೆ?” ಎಂದಳು ಸೊಸೆ.

“ನೀನೇ! ಒಲೆ ಮುಂದೆ ನಾಲ್ಕು ವರ್ಷ ಓದಿದೆಯಲ್ಲ? ನಾನು ತರಕಾರಿ ಹೆಚ್ಚುತ್ತಾ ಕೇಳ್ತಿದ್ದೆ. ನೀನು ಪರೀಕ್ಷೆ ಬರೆದು ಮರೆತೆ. ನನಗೆ ಮರೆಯೋಕೆ ಬೇರೆ ಪಾಠ ಯಾವುದಿತ್ತು? ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು…” ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಐದೂವರೆ ವರ್ಷ ಹಾಸ್ಟೆಲ್ಲು ಅಂದೆ. ಅಷ್ಟು ದಿನ ನಾನಿರ್ತೀನಾ? ಡಾಕ್ಟ್ರಾದ್ಮೇಲೆ ಈ ಮನೆ ನಿನಗೆ ನೆನಪಿರುತ್ತಾ?”

ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು. ಗಂಡ ಮುಖವನ್ನೂ ತೊಳೆಯದೆ ಸ್ಕೂಟರಿನ ಕೀ ಎತ್ತಿಕೊಂಡ. ಅವಳು ಹಿಂದೆ ಹತ್ತಿ ಕೂತಳು. ದಾರಿಯಲ್ಲಿ ಒಂದು ರೈಲ್ವೆ ಗೇಟು, ರಸ್ತೆಗೆ ಅಡ್ಡ ನಿಂತ ಒಂದು ಲಾರಿ… ಪ್ರಯೋಗಶಾಲೆಯ ಮುಂದೆ ಇಳಿದಾಗ ಒಂಬತ್ತೂ ಹನ್ನೊಂದು.

“ಹೆಸರು ಕೂಗಿ ಆಯ್ತಮ್ಮ,” ಎಂದ ಬಾಗಿಲ ಬಳಿಯ ಜವಾನ, ಬೇಸರದಿಂದಲೇ. “ಇನ್ನು ಪ್ರಿನ್ಸಿಪಾಲರು ಬಂದ್ರೂ ನಾನು ಬಿಡಂಗಿಲ್ಲ. ಮುಂದಿನ ವರ್ಷ ಮೊದಲಿಂದ ಬನ್ನಿ.”

ಗಾಜಿನ ಕಿಟಕಿಯಾಚೆ ಬಿಳಿ ಕೋಟಿನ ಹುಡುಗಿಯರು ಸೂಕ್ಷ್ಮದರ್ಶಕಗಳ ಮೇಲೆ ಬಾಗಿದ್ದರು. ನಡುವೆ ಒಂದು ಮೇಜು ಖಾಲಿಯಿತ್ತು. ಅಳು ಬರುತ್ತದೆಂದು ಅವಳು ಕಾದಳು. ಬರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಬಟ್ಟೆಯ ಚೀಲದ ಜೊತೆ ಕೂತಿದ್ದರು. ಅವಳ ಮುಖ ನೋಡಿದೊಡನೆ ಅವರಿಗೆ ಎಲ್ಲ ತಿಳಿಯಿತು.

“ದೊಡ್ಡವನ ಮನೆಗೆ ಹೋಗ್ತೀನಿ. ನೀನು ನೆಮ್ಮದಿಯಾಗಿ ಓದ್ಕೋ.”

“ಅಲ್ಲಿ ಸಕ್ಕರೆ ಯಾರು ನೋಡ್ತಾರೆ?”

“ನೋಡದಿದ್ರೆ ಸಾಯ್ತೀನಿ, ಅಷ್ಟೇ ತಾನೆ!”

“ಚೀಲ ಒಳಗಿಡಿ, ಅತ್ತೆ. ಬಂದು ಕೂತ್ಕೊಳ್ಳಿ. ಇವತ್ತಿಂದ ನೀವೇ ಚುಚ್ಕೋಬೇಕು, ನೀವೇ ನೋಡ್ಕೋಬೇಕು. ಮುಂದಿನ ವರ್ಷದ ಹತ್ತು ಭಾನುವಾರವೂ ನಾನು ಹೋಗ್ತೀನಿ. ಸೀಟು ಸಿಕ್ಕಿದ್ರೆ ಹಾಸ್ಟೆಲ್ಲಿಗೂ ಹೋಗ್ತೀನಿ.”

ಅತ್ತೆ ತಲೆಯೆತ್ತಲಿಲ್ಲ. “ನನ್ನ ಮೇಲೆ ಕೋಪ ಇಲ್ವೇನೇ?”

“ಇದೆ. ಕೂಗಾಡೋಕೆ ಶಕ್ತಿ ಇಲ್ಲ.”

ಕೈ ತೊಳೆಯುವುದು, ಚುಚ್ಚುವ ಪೆನ್ನಿಗೆ ಸೂಜಿ ಹಾಕುವುದು, ಬೆರಳಿನ ನಡುವಲ್ಲದೆ ಬದಿಗೆ ಚುಚ್ಚುವುದು, ಎಲ್ಲವನ್ನೂ ಅವಳು ಒಂದೇ ಸಮನಾದ ದನಿಯಲ್ಲಿ ಎರಡೆರಡು ಸಲ ಹೇಳಿಕೊಟ್ಟಳು. ಅತ್ತೆ ಚುಚ್ಚಿಕೊಂಡರು. ಮೊದಲ ಸಲ ರಕ್ತ ಬರಲಿಲ್ಲ, ಎರಡನೆಯ ಸಲವೂ ಬರಲಿಲ್ಲ. “ಅಯ್ಯೋ, ಇಷ್ಟು ನೋಯುತ್ತಾ? ನೀನು ಚುಚ್ಚಿದ್ರೆ ಗೊತ್ತೇ ಆಗ್ತಿರಲಿಲ್ಲ…” ಎಂದು ಅವರು ತಿರುಗಿ ನೋಡಿದರು.

ಸೊಸೆ ಬಸ್ಸಿಗೆಂದು ಉಟ್ಟ ಸೀರೆಯಲ್ಲೇ, ಗೋಡೆಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನು ಕರೆಯಲಿಲ್ಲ. ಹಲ್ಲು ಕಚ್ಚಿಕೊಂಡು ಇನ್ನೊಂದು ಬೆರಳನ್ನು ಮುಂದಿಟ್ಟರು.