ಮುಂಬಣ್ಣ

ಬೆಳಗಿನ ಚಹಾ ಆರುವ ಮೊದಲೇ ಗಾಜಿನ ಹಲಗೆ ಬೆಳಗಿತು. ಧಾರವಾಡದ ಚಿತ್ರಗಾರ್ತಿ ಸನ್ನಿಧಿ ಹೂಲಿಕಟ್ಟಿ ಕುಂಚ ತೊಳೆಯುವುದನ್ನು ಬಿಟ್ಟು ಅತ್ತ ನೋಡಿದಳು. ಇನ್ನು ಆರು ತಿಂಗಳಿಗೆ ಜನರ ಗೋಡೆಗೆ ಬರಲಿರುವ ಬಣ್ಣವನ್ನು ಆ ಹಲಗೆ ಇವತ್ತೇ ತೋರಿಸುತ್ತದೆ. ಇವತ್ತೂ ಹಸಿ ಮರಳಿನ ಬಣ್ಣ. ಹೋದ ಸಲವೂ ಅದೇ, ಅದರ ಹಿಂದಿನ ಸಲವೂ ಅದೇ.

“ನಿನಗ ಬ್ಯಾರೆ ಬಣ್ಣಾನ ಗೊತ್ತಿಲ್ಲೇನ?” ಎಂದು ಹಲಗೆಗೇ ಬೈದಳು.

ಹಲಗೆಯ ಹೆಸರು ಮುಂಬಣ್ಣ. ಕಂಡುಹಿಡಿದವರು ಡಾ. ನಿಶಾಂತ ಹೊಳ್ಳ; ಹುಟ್ಟಿದ್ದು ಉಡುಪಿ ಕಡೆ, ಪ್ರಯೋಗಾಲಯ ಧಾರವಾಡದಲ್ಲಿ. ಆ ಕಾಲಕ್ಕೆ ಮನೆಗೆ ಬಣ್ಣ ಬಳಿಸುವ ರಗಳೆ ಮುಗಿದುಹೋಗಿತ್ತು. ಗೋಡೆಗೆ ಒಮ್ಮೆ ಸೂಕ್ಷ್ಮ ಕಣಗಳ ಲೇಪ ಹಾಕಿಸಿದರಾಯಿತು. ಬಾಗಿಲ ಪಕ್ಕದ ಗುಂಡಿ ತಿರುಗಿಸಿದರೆ ತುಸುವೇ ವಿದ್ಯುತ್ತು ಹರಿದು ಕಣಗಳು ಮಗ್ಗುಲು ಬದಲಿಸುತ್ತವೆ, ಗೋಡೆಯ ಬಣ್ಣ ಬೇರೆಯಾಗುತ್ತದೆ. ಒಪ್ಪಿಗೆ ಕೊಟ್ಟ ಮನೆಗಳಿಂದ ಹೊಳ್ಳರು ಸಂಗ್ರಹಿಸಿದ್ದು ಒಂದೇ ಸಂಗತಿ, ಹಿಂಜರಿಕೆ. ಜನ ಯಾವ ಬಣ್ಣಕ್ಕೆ ಬಂದು ನಿಂತು, ಛೇ ಬೇಡವೆಂದು ಸರಿದು, ಮತ್ತೆ ಅಲ್ಲಿಗೇ ಬರುತ್ತಾರೋ ಆ ಬಣ್ಣ ಕೆಲವೇ ತಿಂಗಳಲ್ಲಿ ಊರಿಗೆಲ್ಲ ಹಬ್ಬುತ್ತದೆ ಎಂಬುದು ಅವರ ಶೋಧ. ಥಟ್ಟನೆ ಆರಿಸಿ ಸುಮ್ಮನಾದವರು ಮುಂಬಣ್ಣದ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಇದರಿಂದ ಬದುಕು ಹಸನಾದದ್ದು ಚಿತ್ರಗಾರರದು. ಚಿತ್ರ ಕೊಳ್ಳಲು ಬಂದವರು ಕಣ್ಣಲ್ಲಿ ತಮ್ಮ ಮನೆಯ ಗೋಡೆಯನ್ನು ಹೊತ್ತುಕೊಂಡೇ ಬರುತ್ತಾರೆಂಬುದು ಸನ್ನಿಧಿಗೆ ಮೊದಲೇ ಗೊತ್ತಿತ್ತು. ಈಗ ಮುಂದಿನ ಗೋಡೆಯೇ ಗೊತ್ತಾದ ಮೇಲೆ ಕೇಳುವುದೇನು! ಅದಕ್ಕೊಪ್ಪುವ ಚಿತ್ರ ಬರೆದಿಟ್ಟುಕೊಂಡು, ಜನ ಗುಂಡಿ ತಿರುಗಿಸುವ ಹೊತ್ತಿಗೆ ಮಾರಾಟಕ್ಕಿಟ್ಟಳು. ಮಂಚದ ಕೆಳಗೆ ಧೂಳು ತಿನ್ನುತ್ತಿದ್ದ ಆಕೆಯ ಚಿತ್ರಗಳು ಹುಬ್ಬಳ್ಳಿ, ಬೆಳಗಾವಿಯ ಪಡಸಾಲೆಗಳನ್ನು ಸೇರಿದವು.

ಆದರೆ ಮುಂಬಣ್ಣ ಎಲ್ಲ ಚಿತ್ರಗಾರರ ಕೈಗೂ ಬಂತು. ಹುಬ್ಬಳ್ಳಿಯ ಚಿತ್ರಸಂತೆಯಲ್ಲಿ ಆ ವರ್ಷ ಈ ತುದಿಯಿಂದ ಆ ತುದಿಗೆ ಹಸಿ ಮರಳೇ ಮರಳು. ನೋಡಲು ಬಂದವರು ಯಾವ ಚಿತ್ರ ಯಾರದೆಂದು ತಿಳಿಯದೆ ಮಿರ್ಚಿ ಭಜಿ ತಿಂದು ಮನೆಗೆ ಹೋದರು. ಸನ್ನಿಧಿಯ ಒಂದು ಚಿತ್ರವೂ ಹೋಗಲಿಲ್ಲ. “ದೀಪಾವಳಿಗೆ ಇನ್ನೊಂದು ಪ್ರದರ್ಶನ ಕೊಡತೇನ್ರಿ. ಅದೂ ಹಿಂಗಾದ್ರ ಮತ್ತ ನಿಮಗ ಜಾಗಾ ಇಲ್ಲ” ಎಂದು ಆಕೆಯ ಚಿತ್ರ ಮಾರಿಕೊಡುತ್ತಿದ್ದ ಗ್ಯಾಲರಿಯವರು ಮುಖದ ಮೇಲೆ ಹೇಳಿಬಿಟ್ಟರು. ಆ ಗ್ಯಾಲರಿ ತಪ್ಪಿದರೆ ಆಕೆಯ ಚಿತ್ರಗಳಿಗೆ ಮತ್ತೆ ಮಂಚದ ಕೆಳಗೇ ಗತಿ. ಅವಳಿಗೆ ಅನ್ನ ಸೇರದಾಯಿತು.

ಹೊಳ್ಳರನ್ನು ಕರೆಸಿ ತರಾಟೆಗೆ ತೆಗೆದುಕೊಂಡಳು. “ನಿಮ್ಮ ಯಂತ್ರಕ್ಕ ಏನ ಆಗೈತ್ರಿ ಸರ? ಒಂದ ಬಣ್ಣಕ್ಕ ಅಂಟಿಕೊಂಡ ಕುಂತೈತಿ.”

ಹೊಳ್ಳರು ಹಲಗೆಯನ್ನು ಬಹಳ ಹೊತ್ತು ಪರೀಕ್ಷಿಸಿದರು. “ಯಂತ್ರ ಸರಿಯೇ ಉಂಟು ಮಾರಾಯ್ರೆ. ಜನ ಈಗ ಮೊದಲು ನಿಮ್ಮಂಥ ಚಿತ್ರಗಾರರ ಚಿತ್ರ ನೋಡ್ತಾರೆ, ಆಮೇಲೆ ಅದಕ್ಕೆ ಹೊಂದುವ ಹಾಗೆ ಗೋಡೆ ತಿರುಗಿಸಿ ನೋಡ್ತಾರೆ. ನೀವು ಬರೆಯುವುದು ಯಂತ್ರ ನೋಡಿ, ಯಂತ್ರ ಹೇಳುವುದು ನಿಮ್ಮನ್ನು ನೋಡಿ. ಅದು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡ್ತಾ ಇದೆ.”

“ಹಂಗಾದ್ರ ನಾ ಏನ ಮಾಡಲಿ?”

“ಇದನ್ನು ಮುಚ್ಚಿಟ್ಟು ಬರೀರಿ. ನಿಮಗೆ ಇಷ್ಟವಾದ ಬಣ್ಣದಲ್ಲಿ.”

ಸುಲಭದ ಮಾತು. ಸನ್ನಿಧಿ ಹಲಗೆಯ ಮೇಲೆ ಟವೆಲು ಹೊದಿಸಿ ಬಿಳಿಯ ಕ್ಯಾನ್ವಾಸಿನ ಮುಂದೆ ಕೂತಳು. ನೀಲಿ ತೆಗೆದಳು, ಇಟ್ಟಳು. ಕುಂಕುಮದ ಕೆಂಪು ತೆಗೆದಳು, ಅದನ್ನೂ ಇಟ್ಟಳು. ಇಷ್ಟು ವರ್ಷ ಬಣ್ಣ ಹಲಗೆಯಿಂದ ಬರುತ್ತಿತ್ತು, ಕೈ ಬಳಿಯುತ್ತಿತ್ತು. ತನಗೆ ಯಾವ ಬಣ್ಣ ಇಷ್ಟ ಎಂಬುದೇ ಆಕೆಗೆ ಹೊಳೆಯಲಿಲ್ಲ. ಹೆದರಿಕೆಯಾಯಿತು, ಅಳುವೂ ಬಂತು.

ಮರುದಿನದಿಂದ ಪಡಸಾಲೆಯ ಗುಂಡಿಯ ಹತ್ತಿರ ನಿಂತು ಗೋಡೆಯನ್ನು ತಿರುಗಿಸತೊಡಗಿದಳು. ತಾಯಿ ವಿಜಯಕ್ಕ ಅಲ್ಲೇ ಕೂತು ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು.

“ಏ ತಂಗಿ, ತಲಿ ತಿರಗಾಕತ್ತೈತಿ ನನಗ. ಒಂದ ಕಡೆ ನಿಲ್ಲಸ ಅದನ್ನ!”

“ಎಲ್ಲಿ ನಿಲ್ಲಸ್ಲಿ ಅನ್ನೋದ ತಿಳಿವಲ್ದವ್ವಾ.”

“ಬದನಿಕಾಯಿ ಬಣ್ಣದಾಗ ನಿಲ್ಲಸ. ಆಗಿಂದ ನೋಡಾಕತ್ತೇನಿ, ಅಲ್ಲಿಗೇ ಬರ್ತಿ, ನಾಚಿಕೊಂಡ ಓಡಿಹೋಗ್ತಿ.”

ಸನ್ನಿಧಿಗೆ ನಗು ತಡೆಯಲಿಲ್ಲ. ಹೊಳ್ಳರು ಇಡೀ ರಾಜ್ಯದ ಗೋಡೆಗಳಿಗೆ ತಂತಿ ಜೋಡಿಸಿ ಹಿಡಿದದ್ದನ್ನು ಅವ್ವ ಪಲ್ಲೆ ಸೋಸುತ್ತ ಹಿಡಿದಿದ್ದಳು. ಅಂದಿನಿಂದ ಮನೆಯಲ್ಲಿ ಬದನೆ ಬಣ್ಣದ್ದೇ ಕೆಲಸ. ಬದನೆ ಬಣ್ಣದ ಕೆರೆ, ಬದನೆ ಬಣ್ಣದ ಎಮ್ಮೆ, ಬದನೆ ಬಣ್ಣದ ಸಂಜೆ. ಕೈಗೆ ಬಹಳ ದಿನದ ಮೇಲೆ ಹುರುಪು ಬಂದಿತ್ತು.

ಪ್ರದರ್ಶನದ ದಿನ ಜನ ನಿಂತು ನೋಡಿದರು. “ಚಂದ ಅದಾವ ಖರೆ, ಯಾವ ಗೋಡಿಗೂ ಹೊಂದಂಗಿಲ್ಲಲ್ರಿ” ಎಂದು ಗೊಣಗಿದರು. ಕೊನೆಗೆ ಹೆಗಲಿಗೆ ಚೀಲ ಹಾಕಿದ್ದ ಒಬ್ಬ ಹೆಣ್ಣುಮಗಳು ಎಮ್ಮೆಯ ಚಿತ್ರವನ್ನು ಗೋಡೆಯಿಂದ ತಾನೇ ಇಳಿಸಿಕೊಂಡಳು. “ಹೊಂದದಿದ್ರ ಗೋಡಿ ತಿರುಗಿಸಿದ್ರಾತು. ಚಿತ್ರಾ ತಿರುಗಿಸಾಕ ಬರತೈತೇನ?” ಎಂದಳು. ಅದಾದ ಮೇಲೆ ಒಂದೊಂದಾಗಿ ಎಲ್ಲವೂ ಹೋದವು. ಗ್ಯಾಲರಿಯವರು ಮುಂದಿನ ವರ್ಷಕ್ಕೂ ಜಾಗ ಖಾತ್ರಿ ಎಂದರು.

ಮರುದಿನ ಹೊಳ್ಳರ ಕರೆ. “ಹಲಗೆ ನೋಡಿ ಮಾರಾಯ್ರೆ! ನಿಮ್ಮ ಚಿತ್ರ ನೋಡಿದವರೆಲ್ಲ ಮನೆಗೆ ಹೋಗಿ ಗುಂಡಿ ತಿರುಗಿಸಿ, ಸರಿಸಿ, ಮತ್ತೆ ಅದೇ ಬಣ್ಣಕ್ಕೆ ಬಂದಿದ್ದಾರೆ. ನನ್ನ ಯಂತ್ರಕ್ಕೆ ಜೀವ ಬಂತು.”

ಟವೆಲು ತೆಗೆದು ನೋಡಿದರೆ ಮುಂಬಣ್ಣದ ತುಂಬ ಬದನೆ. ಈ ಹೊತ್ತಿಗೆ ರಾಜ್ಯದ ಚಿತ್ರಗಾರರೆಲ್ಲ ಬದನೆ ಬಣ್ಣ ಕಲೆಸುತ್ತಿರಬೇಕು. ಸನ್ನಿಧಿ ಟವೆಲನ್ನು ನೆಲಕ್ಕೆಸೆದಳು. “ನನ್ನ ಬಣ್ಣ ಅಂದಿದ್ನೆವ್ವಾ. ಒಂದ ದಿನಾನೂ ಉಳೀಲಿಲ್ಲ.”

ವಿಜಯಕ್ಕ ಪಲ್ಲೆಯ ಬುಟ್ಟಿ ಬದಿಗಿಟ್ಟಳು. “ನೀ ಸಣ್ಣಾಕಿ ಇದ್ದಾಗ ನಮ್ಮ ಮನಿಗೆ ಬೂದಿ ಬಣ್ಣ ಹೊಡಸಿದ್ದೆ. ಅಂಗಡ್ಯಾಗ ತಾಸುಗಟ್ಟಲೆ ಕುಂತ ನಾನ ಆರಿಸಿದ್ದು ಅಂತ ಎಲ್ಲಾರಿಗೂ ಹೇಳ್ತಿದ್ದೆ. ಆ ವರ್ಷ ಓಣ್ಯಾಗ ಎಲ್ಲಾರ ಮನೀನೂ ಬೂದಿ. ಅವರೂ ತಾವ ಆರಿಸಿದ್ದು ಅಂತಿದ್ರು. ಆಗ ಯಾವ ಯಂತ್ರಾ ಇತ್ತು?”

“ನಿನಗ ಯಾವ್ದ ಬೇಕಾಗಿತ್ತು?”

“ಗಿಣಿ ಹಸರ. ಮಂದಿ ನಗತಾರಂತ ಬಿಟ್ಟೆ.”

ಸನ್ನಿಧಿ ಎದ್ದು ಅವ್ವನ ಕೈಹಿಡಿದು ಗುಂಡಿಯ ಹತ್ತಿರ ಕರೆತಂದಳು. ವಿಜಯಕ್ಕ ಒಮ್ಮೆ ಮಗಳ ಮುಖ ನೋಡಿ, ಹಿಂಜರಿಯದೆ ಒಂದೇ ಸಲಕ್ಕೆ ತಿರುಗಿಸಿದಳು. ಪಡಸಾಲೆಯೆಲ್ಲ ಗಿಳಿಹಸಿರಾಯಿತು. ಆಕೆ ಹಿಂದಕ್ಕೆ ತಿರುಗಿಸಲಿಲ್ಲ. ಹೋಗಿ ಪಲ್ಲೆ ಸೋಸುತ್ತ ಕೂತಳು.

ಮುಂಬಣ್ಣದಲ್ಲಿ ಆ ಹಸಿರು ಅಂದೂ ಕಾಣಲಿಲ್ಲ, ಆಮೇಲೆಯೂ ಕಾಣಲಿಲ್ಲ.